ಅಮ್ಮನ ನೋಟ್‌ಬುಕ್ಕಿನಲ್ಲಿ ಉಳಿದ ನನ್ನ ಚಿಕಿತ್ಸೆ

‘ಇಪ್ಪತ್ತನಾಲ್ಕಕ್ಕೇ ಪೊರೆ ಬಂದಿದೆಯಲ್ಲಮ್ಮ, ಶುಗರ್ ಏನಾದರೂ ಇದೆಯಾ?’ ಎಂದರು ಯಲಹಂಕದ ಕಣ್ಣಿನ ಡಾಕ್ಟರು. ಹದಿನೈದರಲ್ಲಿ ಬ್ಲಡ್ ಕ್ಯಾನ್ಸರ್ ಆಗಿ, ತಮ್ಮನ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವಳು ನಾನು ಎಂದೆ. ‘ರೇಡಿಯೇಷನ್ ಎಷ್ಟು ಕೊಟ್ಟಿದ್ದರು?’ ಗೊತ್ತಿರಲಿಲ್ಲ. ಕಸಿ ಮಾಡಿದ ಆಸ್ಪತ್ರೆಯಲ್ಲಿ ಕೇಳಿದರೆ, ಅಷ್ಟು ಹಳೆಯ ಫೈಲ್ ಸಿಗುವುದಿಲ್ಲ ಎಂದರು.

ಸಿಕ್ಕಿದ್ದು ಅಮ್ಮನ ನೋಟ್‌ಬುಕ್ಕಿನಲ್ಲಿ, ಹಾಲಿನ ಲೆಕ್ಕದ ಎದುರು ಪುಟದಲ್ಲಿ. ‘ಸೋಮ, ಮಂಗಳ, ಬುಧ. ದಿನಕ್ಕೆ ಎರಡು ಸಲ ಮೈಪೂರ್ತಿ ಕರೆಂಟ್. ಮಗು ಏನೂ ತಿನ್ನಲಿಲ್ಲ.’ ಅಮ್ಮನ ಭಾಷೆಯಲ್ಲಿ ರೇಡಿಯೇಷನ್ ಎಂದರೆ ಕರೆಂಟು. ಆ ಆರು ಸಲದ ಕರೆಂಟು ನನ್ನ ರೋಗವನ್ನು ಸುಟ್ಟು ತಮ್ಮನ ಜೀವಕೋಶಗಳಿಗೆ ಜಾಗ ಮಾಡಿಕೊಟ್ಟಿತು. ನನ್ನ ರಕ್ತದ ಗುಂಪೂ ಅವನದೇ ಆಯಿತು, ‘ಓ’ ಹೋಗಿ ‘ಬಿ’. ಕಣ್ಣಿಗೆ ಪೊರೆ ತಂದದ್ದು, ಥೈರಾಯ್ಡ್ ಕುಗ್ಗಿಸಿದ್ದು, ಮುಟ್ಟು ನಿಲ್ಲಿಸಿದ್ದು ಕೂಡ ಅದೇ ಕರೆಂಟು.

ಕಸಿಯ ಮೇಲೆ ನನಗೆ ದೂರಿಲ್ಲ. ಅದಿಲ್ಲದಿದ್ದರೆ ನಾನಿಲ್ಲ. ಭಾರತದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ. ಈಗ ನಮ್ಮ ಹೆಬ್ಬಾಳದಲ್ಲೇ ಆಗುತ್ತದೆ. ಆದರೆ ಕಸಿಯ ನಂತರದ ನೂರನೇ ದಿನ ದಾಟಿದ ಮೇಲೆ ಎಲ್ಲರ ಗಮನ ಮುಂದಿನ ರೋಗಿಯ ಕಡೆಗೆ ಹೋಗುತ್ತದೆ. ಹದಿನೈದರಲ್ಲಿ ಬದುಕಿ ಉಳಿದವಳಿಗೆ ಇನ್ನೂ ಐವತ್ತು ವರ್ಷ ಬಾಳಬೇಕಿದೆ. ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ಯಾವ ಅಂಗವನ್ನು ಪರೀಕ್ಷಿಸಬೇಕು ಎಂದು ಹಲವು ದೇಶಗಳ ಕಸಿ ವೈದ್ಯರು 2012ರಲ್ಲೇ ಬರೆದಿಟ್ಟಿದ್ದಾರೆ. ನನ್ನ ಕೈಗೆ ಯಾರೂ ಅದನ್ನು ಕೊಡಲಿಲ್ಲ. ಬಾಲ್ಯದ ಲಸಿಕೆಗಳ ರಕ್ಷಣೆ ಕಸಿಯಲ್ಲಿ ಹೋಗಿಬಿಡುತ್ತದೆ, ಮತ್ತೆ ಹಾಕಿಸಬೇಕು ಎಂಬುದೂ ತಡವಾಗಿ ತಿಳಿಯಿತು. ಹದಿನೇಳರಲ್ಲಿ, ಕೂಸುಗಳನ್ನು ಎತ್ತಿಕೊಂಡ ಅಮ್ಮಂದಿರ ಸಾಲಿನಲ್ಲಿ ನಿಂತು ಹಾಕಿಸಿಕೊಂಡೆ.

ಮಕ್ಕಳಾಗುವುದಿಲ್ಲ ಎಂದು ಅಮ್ಮನಿಗೆ ಕಾರಿಡಾರಿನಲ್ಲಿ ಹೇಳಿದ್ದರಂತೆ. ಅಮ್ಮ ನನಗೆ ಹೇಳಲು ಆರು ವರ್ಷ ಬೇಕಾಯಿತು. ಕಸಿಗೆ ಮೊದಲೇ ಅಂಡಾಣು ತೆಗೆದಿಡಬಹುದು. ರಕ್ತದ ಕ್ಯಾನ್ಸರ್‌ನಲ್ಲಿ ಅದಕ್ಕೆ ಹೆಚ್ಚಾಗಿ ಸಮಯ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೂ ಅದು ನನ್ನ ದೇಹದ ಮಾತು, ನನ್ನೆದುರು ಆಡಬೇಕಿತ್ತು.

ಕಸಿ ಮಾಡುವ ಪ್ರತಿ ಆಸ್ಪತ್ರೆಯೂ ಬಿಡುಗಡೆಯ ದಿನ ಒಂದು ಹಾಳೆ ಕೊಡಲಿ. ಯಾವ ಔಷಧಿ, ಎಷ್ಟು ರೇಡಿಯೇಷನ್, ಯಾವ ವರ್ಷ ಏನು ನೋಡಿಸಬೇಕು ಎಂಬುದು ಕನ್ನಡದಲ್ಲೂ ಇರಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಸರ್ಕಾರ ಒಂದು ಆದೇಶ ಹೊರಡಿಸಿದರೆ ಸಾಕು.

ಸದ್ಯಕ್ಕೆ ಅಮ್ಮನ ಪುಟಗಳ ಜೆರಾಕ್ಸ್ ನನ್ನ ಬ್ಯಾಗಿನಲ್ಲಿದೆ. ಹೋದ ತಿಂಗಳು ಥೈರಾಯ್ಡ್ ಡಾಕ್ಟರು ಅದನ್ನು ಓದುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಕೆಂಪು ಇಂಜೆಕ್ಷನ್, ನಾಲ್ಕನೆಯದು.’ ‘ಈ ಔಷಧಿ ಹೃದಯಕ್ಕೆ ಪೆಟ್ಟು ಕೊಡಬಹುದು, ಎಕೋ ಯಾವಾಗ ಮಾಡಿಸಿದ್ದೀರಿ?’ ಎಂದರು. ಕಸಿಯಾಗಿ ಹದಿಮೂರು ವರ್ಷ. ಆ ಪ್ರಶ್ನೆ ಕೇಳಿದ ಮೊದಲಿಗರು ಅವರೇ.