ಮೊಣಕೈಗೇರಿದ ಬಳೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಕಂಡುದನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಗಾಜಿನ ಕೆಲಸವನ್ನೂ ವರ್ಣಿಸಿದ್ದಾನೆ. ಚೌಳು ಮಣ್ಣು, ಬೆಣಚುಕಲ್ಲಿನ ಪುಡಿ ಇವೇ ಅದರ ಮೂಲ ಸಾಮಗ್ರಿಗಳು. ಆ ಕುಲುಮೆಗಳು ಆರಿ ಬಹುಕಾಲವಾಯಿತು. ಬಳೆ ಮಾತ್ರ ನಮ್ಮ ಮನೆಗಳಲ್ಲಿ ಉಳಿದಿದೆ.

ಗಾಜಿನ ಬಳೆಗೆ ಒಂದು ಗುಣವುಂಟು: ಅದು ಹಿಗ್ಗದು, ಕುಗ್ಗದು. ಮೈ ಇಳಿದರೆ ಸೀರೆಗೆ ಎರಡು ನೆರಿಗೆ ಹೆಚ್ಚು ಹಿಡಿಯಬಹುದು, ರವಿಕೆಗೆ ಒಳಗಿನಿಂದ ಒಂದು ಹೊಲಿಗೆ ಹಾಕಬಹುದು, ಯಾರಿಗೂ ತಿಳಿಯುವುದಿಲ್ಲ. ಹಿಂದೆ ಮುಂಗೈಯಲ್ಲಿ ನಿಲ್ಲುತ್ತಿದ್ದ ಬಳೆ ಹಿಟ್ಟು ನಾದುವಾಗ ಮೊಣಕೈಯತ್ತ ಜಾರಿತೆಂದರೆ ಅದನ್ನು ಮರೆಮಾಡುವುದು ಹೇಗೆ? ಕಾಳಿದಾಸನೂ ಮೇಘದೂತದ ಯಕ್ಷನ ಕೃಶತೆಯನ್ನು ಹೇಳಬೇಕಾದಾಗ ಅವನ ಕೈಯಿಂದ ಚಿನ್ನದ ಕಡಗವನ್ನೇ ಜಾರಿಸಿದನು. ಆದರೆ ಕಾವ್ಯದಲ್ಲಿ ಸೊರಗುವಿಕೆಯ ಕಾರಣ ಓದುಗನಿಗೆ ಮೊದಲೇ ಗೊತ್ತು. ಮನೆಯಲ್ಲಿ ಹಾಗಲ್ಲ. ಗೊತ್ತಿಲ್ಲದಿದ್ದರೂ ಗೊತ್ತಿದೆಯೆಂದು ಭಾವಿಸಿಬಿಡುವುದೇ ಅಲ್ಲಿಯ ತೊಡಕು.

"ಏನಮ್ಮಾ, ಇಷ್ಟು ಬಡವಾಗಿಬಿಟ್ಟಿದ್ದೀಯಲ್ಲ!" ಎನ್ನುತ್ತಾರೆ ಹಬ್ಬಕ್ಕೆ ಬಂದ ದೊಡ್ಡಮ್ಮ. ನಮ್ಮ ಭಾಷೆಯಲ್ಲಿ ಹಣ ಕಳೆದುಕೊಂಡವನೂ ಬಡವಾದವನೇ, ಮೈ ಕಳೆದುಕೊಂಡವನೂ ಬಡವಾದವನೇ. ಹಣದ ಲೆಕ್ಕವನ್ನು ನಾವು ಕೇಳುತ್ತೇವೆ, ಮೈಯ ಲೆಕ್ಕವನ್ನು ಕೇಳುವುದಿಲ್ಲ. "ಮಗಳ ಮದುವೆಯ ಓಡಾಟ", "ವಯಸ್ಸಾಯಿತಲ್ಲ", "ಬಿಸಿಲಿನ ಕಾಲ" ಎಂದು ಸಿದ್ಧವಾದ ಉತ್ತರಗಳಿವೆ. ಈಚಿನ ವರ್ಷಗಳಲ್ಲಿ ಮತ್ತೊಂದು ಸೇರಿದೆ: "ಪರವಾಗಿಲ್ಲವೇ, ಚೆನ್ನಾಗಿ ಕಾಣುತ್ತೀಯ!" ಆಹಾರವನ್ನು ಬೇಕೆಂದೇ ಕಡಿಮೆ ಮಾಡಿ, ನಡೆದು, ಶ್ರಮಿಸಿ ಇಳಿಸಿದ ಮೈಗೆ ಈ ಮೆಚ್ಚಿಕೆ ಸಲ್ಲಬಹುದು. ಯಾವ ಪ್ರಯತ್ನವೂ ಇಲ್ಲದೆ ಇಳಿದುದಕ್ಕೆ ಸಲ್ಲದು.

ಎಷ್ಟು ಇಳಿದರೆ ಚಿಂತಿಸಬೇಕು? ಆರು ತಿಂಗಳಿಂದ ಒಂದು ವರ್ಷದೊಳಗೆ, ತಾನಾಗಿ, ಇದ್ದ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೆ ಪರೀಕ್ಷೆ ಅಗತ್ಯವೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. 60 ಕಿಲೋ ಇದ್ದವರಿಗೆ ಅದು ಮೂರೇ ಕಿಲೋ. 50 ಕಿಲೋ ಇದ್ದವರಿಗೆ ಎರಡೂವರೆ.

ಇಳಿಯುತ್ತಿರುವವರಿಗೇ ಅದರ ಅರಿವಿರುವುದಿಲ್ಲ, ಜನ ಅಜ್ಞಾನಿಗಳು ಎಂದು ಕಲಿತವರು ದೂರುವುದುಂಟು. ಈ ದೂರನ್ನು ನಾನು ಒಪ್ಪಲಾರೆ. ಮತ್ತೋಡಿಗೆ ನೆರೆಯದಾದ ತುಮಕೂರು ಜಿಲ್ಲೆಯಲ್ಲಿಯೇ ಅದಕ್ಕೆ ಉತ್ತರ ದೊರೆತಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಪೇಟೆಗಳಲ್ಲಿ ಕ್ಷಯರೋಗಿಗಳನ್ನು ಕಂಡು ಮಾತನಾಡಿಸಿ, 1963ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬುದು ಗೊತ್ತಿತ್ತು, ಹಲವರು ಚಿಂತೆಗೊಳಗಾಗಿದ್ದರು, ಅರ್ಧದಷ್ಟು ಜನ ಆಗಲೇ ಔಷಧಾಲಯದ ಬಾಗಿಲಿಗೂ ಹೋಗಿದ್ದರು! ಹೋದವರಿಗೆ ದೊರೆತುದೇನು? ಸಾಮಾನ್ಯವಾಗಿ ಕೆಮ್ಮಿನ ಔಷಧದ ಒಂದು ಸೀಸೆ. ಕಫವನ್ನು ಪರೀಕ್ಷಿಸಿದವರಿರಲಿಲ್ಲ. ಜನರು ಆಸ್ಪತ್ರೆಗೆ ಬರುವುದಿಲ್ಲವೆಂಬ ನಂಬಿಕೆ ಹೀಗೆ ತಲೆಕೆಳಗಾಯಿತು. ಬಂದವರನ್ನು ಸರಿಯಾಗಿ ಪರೀಕ್ಷಿಸಿದರೆ ಸಾಕು, ಎಷ್ಟೋ ರೋಗಿಗಳು ಪತ್ತೆಯಾಗುತ್ತಾರೆ ಎಂಬ ಈ ತಿಳಿವಳಿಕೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೇ ಆಧಾರವಾಯಿತು. ಅರವತ್ತು ವರ್ಷಗಳ ಮೇಲೂ ಆ ಸೀಸೆಯ ವಂಶ ಅಳಿದಿಲ್ಲ; ಈಗ ಅದರ ಹೆಸರು "ಟಾನಿಕ್" ಎಂದಿರಬಹುದು, ಅಷ್ಟೆ.

ಕ್ಷಯವೆಂಬ ಮಾತಿನ ಅರ್ಥವೇ ಕರಗುವುದು. ದಕ್ಷನ ಶಾಪದಿಂದ ಚಂದ್ರನಿಗೆ ತಗಲಿದುದೂ ಇದೇ ಎಂದು ಪುರಾಣ ಹೇಳುತ್ತದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು ಇವುಗಳೊಡನೆ ಮೈ ಇಳಿಯುತ್ತಿದ್ದರೆ ಕಫಪರೀಕ್ಷೆಯನ್ನು ಕೇಳಿಯೇ ಮಾಡಿಸಬೇಕು. ಸರಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣವಿಲ್ಲ, ಔಷಧಕ್ಕೂ ಇಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ರೋಗಿಯ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ 2018ರಲ್ಲಿ ಬಂದಿತು. 2024ರ ನವೆಂಬರಿನಿಂದ ಅದು 1000 ರೂಪಾಯಿ. ಇದನ್ನು ಬರಿಯ ದಾನವೆಂದು ತಿಳಿಯಬಾರದು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿಯ ಮನೆಮಂದಿಗೆ ಪುಷ್ಟಿಕರ ಆಹಾರವನ್ನು ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ತಲೆದೋರುವುದು ಐದರಲ್ಲಿ ಎರಡು ಪಾಲಿನಷ್ಟು ತಗ್ಗಿತು.

ಸೊರಗಿದವರಿಗೆಲ್ಲ ಕ್ಷಯವೆಂದು ಭ್ರಮಿಸಬೇಕಾದುದಿಲ್ಲ. ಹಸಿವು ಚೆನ್ನಾಗಿದೆ, ಊಟವೂ ಹೆಚ್ಚಿದೆ, ಮೈ ಮಾತ್ರ ಇಳಿಯುತ್ತಿದೆ ಎಂದಾದರೆ ಸಕ್ಕರೆ ಕಾಯಿಲೆಯನ್ನು ನೆನೆಯಬೇಕು. ಅದು ದಪ್ಪಗಿರುವವರ ರೋಗವೆಂಬುದು ಅರ್ಧ ಸತ್ಯ. ರಕ್ತದ ಸಕ್ಕರೆಯನ್ನು ಬಳಸಿಕೊಳ್ಳಲಾರದ ದೇಹ ತನ್ನ ಕೊಬ್ಬನ್ನೂ ಮಾಂಸವನ್ನೂ ಉರಿಸಿಕೊಳ್ಳುತ್ತದೆ. ಸಕ್ಕರೆ ಮೂತ್ರದಲ್ಲಿ ಹರಿದುಹೋಗುತ್ತದೆ. ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಏಳುವುದು ಇದರ ಸುಳಿವು. ಹಸಿವಿನ ಜೊತೆಗೆ ಕೈ ನಡುಕ, ಎದೆಬಡಿತ, ತಡೆಯಲಾರದ ಸೆಕೆ ಇದ್ದರೆ ಥೈರಾಯ್ಡ್ ಗ್ರಂಥಿಯ ಅತಿಯಾದ ಕೆಲಸವಿರಬಹುದು. ನುಂಗಲು ಕಷ್ಟ, ಮಲದಲ್ಲಿ ರಕ್ತ, ಹೊಸದಾಗಿ ಕಾಣಿಸಿದ ಗಂಟು ಇವು ಒಂದು ದಿನವೂ ಕಾಯತಕ್ಕವಲ್ಲ. ಅರ್ಬುದದ ಶಂಕೆಯನ್ನು ಬೇಗ ಪರಿಹರಿಸಿಕೊಳ್ಳಬೇಕು. ಕೆಲವು ಮಾತ್ರೆಗಳೂ ಹಸಿವನ್ನು ಕುಂದಿಸುತ್ತವೆ.

ಮುದುಕರ ವಿಷಯ ಬೇರೆ. ಹೊಂದದ ಕಟ್ಟಿದ ಹಲ್ಲು ಒಬ್ಬ ಅಜ್ಜಿಯ ರೊಟ್ಟಿಯನ್ನು ತಪ್ಪಿಸಿ ಬರಿಯ ಗಂಜಿಗೆ ಇಳಿಸಿರಬಹುದು. ಹೆಂಡತಿ ತೀರಿಕೊಂಡ ಮೇಲೆ ಒಬ್ಬಂಟಿಯಾಗಿ ತಟ್ಟೆಯ ಮುಂದೆ ಕೂರುವ ತಾತನಿಗೆ ಅನ್ನ ಸೇರದಿರಬಹುದು. ಮನಸ್ಸಿನ ಕುಗ್ಗುವಿಕೆಯೂ ವೈದ್ಯರು ವಿಚಾರಿಸಬೇಕಾದ ಕಾರಣವೇ. "ಯಾಕೋ ಸೇರುವುದಿಲ್ಲಪ್ಪ" ಎಂದು ಹಿರಿಯರೆಂದರೆ ಮೊದಲು ಬಾಯಿ ತೆರೆಸಿ ನೋಡಿ. ಆಮೇಲೆ ಕೆಲವು ದಿನ ಜೊತೆಯಲ್ಲಿ ಕುಳಿತು ಊಟ ಮಾಡಿ.

ವೈದ್ಯರಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗದಿರುವುದು ಒಳ್ಳೆಯದು. ಒಂದೇ ತಕ್ಕಡಿಯಲ್ಲಿ, ಬೆಳಗಿನ ಹೊತ್ತು, ವಾರಕ್ಕೊಮ್ಮೆ ತೂಗಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಳೆಯ ತೂಕ ನೆನಪಿಲ್ಲದಿದ್ದರೆ ಬೆಲ್ಟಿಗೆ ಹೊಸದಾಗಿ ಕೊರೆದ ತೂತು, ಸಡಿಲವಾದ ಉಂಗುರ, "ಎರಡು ಆರು" ಅಳತೆಯಿಂದ "ಎರಡು ನಾಲ್ಕಕ್ಕೆ" ಇಳಿದ ಬಳೆ ಇವನ್ನೇ ಹೇಳಿ. ಸೇವಿಸುತ್ತಿರುವ ಮಾತ್ರೆಗಳನ್ನೂ ಜೊತೆಗೊಯ್ಯಿರಿ.

ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಕಾರಣವೇ ತಿಳಿಯದೆ ಉಳಿಯುವುದೂ ಉಂಟು; ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮೊದಲ ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೆ ಅದು ಬಹುಮಟ್ಟಿಗೆ ಸಮಾಧಾನದ ಸುದ್ದಿಯೇ. ಆದರೆ ಚೀಟಿಯನ್ನು ಹರಿದು ಹಾಕಬೇಡಿ. ತೂಗುವುದನ್ನು ಮುಂದುವರಿಸಿ, ಮೂರು ತಿಂಗಳು ಕಳೆದು ಅದೇ ವೈದ್ಯರಿಗೆ ಆ ಕ್ಯಾಲೆಂಡರನ್ನು ತೋರಿಸಿ.