ನಾಲ್ಕು ಜನ ಎತ್ತಿದ್ರೆ ಆಯ್ತಲ್ಲ?

ಮಳೆಗಾಲ ಕಳೆದು ನವೆಂಬರ್ ಹೊತ್ತಿಗೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರೋಕೆ ಶುರುವಾಗುತ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಟುಬಿಡೋ ಹಡಗುಗಳು. ಸ್ವಾಗತಕ್ಕೆ ಚೆಂಡೆ, ಯಕ್ಷಗಾನದ ವೇಷ, ಮರುದಿನ ಪೇಪರಿನಲ್ಲಿ ಫೋಟೋ. ಪ್ರವಾಸಿಗರು ಸಾಲಾಗಿ ನಿಂತ ಬಸ್ಸುಗಳನ್ನು ಹತ್ತಿ ಮೂಡುಬಿದಿರೆ, ಕಾರ್ಕಳ, ಕುದ್ರೋಳಿ, ಗೇರುಬೀಜದ ಕಾರ್ಖಾನೆ ಅಂತ ಹೊರಡುತ್ತಾರೆ. ಫೋಟೋ ನೋಡಿದರೆ ಹೆಚ್ಚಿನವರು ವಯಸ್ಸಾದವರೇ. ಅವರಲ್ಲಿ ವೀಲ್‌ಚೇರ್ ಬಳಸುವವರು ಆ ಬಸ್ಸನ್ನು ಹತ್ತೋದು ಹೇಗೆ?

ಹೀಗೆ ಕೇಳಿದರೆ ನಮ್ಮ ಕಡೆ ಥಟ್ಟಂತ ಬರೋ ಉತ್ತರ ಒಂದೇ: "ನಾಲ್ಕು ಜನ ಸೇರಿ ಎತ್ತಿದ್ರೆ ಆಯ್ತಲ್ಲ?" ಒಳ್ಳೆ ಮನಸ್ಸಿನ ಮಾತೇ, ಅನುಮಾನ ಇಲ್ಲ. ಆದರೆ ಬ್ಯಾಟರಿ, ಮೋಟರ್ ಇರುವ ವೀಲ್‌ಚೇರ್ ಒಂದೇ ನೂರು ಕಿಲೋ ದಾಟಬಹುದು. ಬಸ್ಸಿನ ಕಿರಿದಾದ ಬಾಗಿಲಲ್ಲಿ ಒಬ್ಬರ ಕೈ ಜಾರಿದರೆ ಕಥೆ ಮುಗೀತು. ತೂಕದ ಮಾತು ಬಿಡಿ. ಗುರುತು ಪರಿಚಯ ಇಲ್ಲದವರು ಕಂಕುಳಿಗೆ ಕೈ ಹಾಕಿ ಎತ್ತಿಕೊಂಡು ಹೋಗೋದು ಯಾರಿಗೆ ಇಷ್ಟ ಆಗುತ್ತೆ? ಊರು ನೋಡೋಕೆ ಬಂದವರು ಮೂಟೆ ಆಗಬೇಕಾ?

ಹಡಗಿನೊಳಗೆ ಈ ಕಷ್ಟ ಕಡಿಮೆ. ಲಿಫ್ಟ್ ಇರುತ್ತೆ, ಅಗಲ ಬಾಗಿಲಿನ ಕೋಣೆಗಳಿರುತ್ತವೆ. ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲೇ, ಕೆಲವು ಮಿತಿ ಹಾಕಿ, ತನ್ನ ದೇಶದ ಅಂಗವಿಕಲರ ಕಾಯ್ದೆ ಅಲ್ಲಿನ ನೀರಿಗೆ ಬರುವ ವಿದೇಶಿ ಬಾವುಟದ ಕ್ರೂಸ್ ಹಡಗುಗಳಿಗೂ ಅನ್ವಯಿಸುತ್ತದೆ ಎಂದಿತು. ದಡಕ್ಕೆ ಇಳಿದ ಮೇಲೆ ಮಾತ್ರ ಆಯಾ ಊರು ಇದ್ದಂತೆ. ಗ್ರೀಸಿನ ಸ್ಯಾಂಟೊರಿನಿಯಲ್ಲಿ ಹಡಗು ದೂರದಲ್ಲೇ ನಿಂತು ಜನರನ್ನು ಚಿಕ್ಕ ದೋಣಿಗೆ ಇಳಿಸಬೇಕು. ಅಲೆ ಜೋರಿದ್ದರೆ ವೀಲ್‌ಚೇರಿನವರು ಡೆಕ್ಕಿನಿಂದಲೇ ಊರು ನೋಡಬೇಕಾಗುತ್ತೆ. ಪಣಂಬೂರಿನಲ್ಲಿ ಹಡಗು ನೇರವಾಗಿ ಧಕ್ಕೆಗೇ ತಾಗಿ ನಿಲ್ಲುತ್ತೆ. ಅರ್ಧ ಕೆಲಸ ಆದ ಹಾಗೆಯೇ.

ಉಳಿದದ್ದು ನಮ್ಮಂಥವರು ಮಾಡಬೇಕಾದ ಲೆಕ್ಕ. ರ‍್ಯಾಂಪಿಗೆ ಎಲ್ಲೆಡೆ ಹೇಳೋ ಇಳಿಜಾರು 1:12, ಅಂದರೆ ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ. 12 ಮೀಟರ್ ಗ್ಯಾಂಗ್‌ವೇ ಬೆಳಿಗ್ಗೆ ಸಮತಟ್ಟಾಗಿತ್ತು ಅಂದುಕೊಳ್ಳಿ. ಸಮುದ್ರದ ಏರಿಳಿತದಲ್ಲಿ ನೀರು ಒಂದು ಮೀಟರ್ ಬದಲಾದರೆ ಸಾಕು, ಅದು ಆ ಮಿತಿಗೆ ಬಂದು ನಿಲ್ಲುತ್ತೆ. ಇದನ್ನಾದರೂ ಸಮಯ ನೋಡಿ ಸಂಭಾಳಿಸಬಹುದು. ನಿಜವಾದ ಗೋಡೆ ಬಸ್ಸು. ಕೆಳಗೆ ಲಗೇಜ್ ಜಾಗ ಇರೋ ಟೂರಿಸ್ಟ್ ಬಸ್ಸಿನ ನೆಲ 1.2 ಮೀಟರ್ ಎತ್ತರ ಇದ್ದರೆ ರ‍್ಯಾಂಪ್ 14.4 ಮೀಟರ್ ಬೇಕು. ಬಸ್ಸೇ 12 ಮೀಟರ್! ಹಾಗಾಗಿ ರ‍್ಯಾಂಪಿನ ಆಸೆ ಬಿಟ್ಟು ಲಿಫ್ಟ್ ಕೂರಿಸಿದ ವ್ಯಾನ್ ಇಡಬೇಕು. ಹೈಡ್ರಾಲಿಕ್ಸ್ ಪೇಪರ್ ಬರೆದು ಮರೆತವರಿಗೂ ಅರ್ಥವಾಗೋ ಯಂತ್ರ ಅದು.

ಆಮೇಲೆ ಹೋಗೋ ಜಾಗ. ಕಾರ್ಕಳದ 42 ಅಡಿಯ ಗೊಮ್ಮಟ 1432ರಿಂದ ಬಂಡೆಯ ಮೇಲೆ ನಿಂತಿದ್ದಾನೆ, ಬಂಡೆ ಕಡಿದು ಲಿಫ್ಟ್ ಹಾಕಿ ಅಂತ ನಾವು ಹೇಳಲ್ಲ. ಸಂತ ಅಲೋಶಿಯಸ್ ಚಾಪೆಲ್ ತಗೊಳ್ಳಿ. ಗೋಡೆ, ಚಾವಣಿ ತುಂಬ ಇಟಲಿಯ ಆಂಟೋನಿಯೊ ಮೊಸ್ಕೆನಿ ಬರೆದ ಚಿತ್ರಗಳು. ಅದನ್ನು ಎಂಥವರೂ ಕೂತು, ಕತ್ತೆತ್ತಿಯೇ ನೋಡಬೇಕು. ಬ್ರೋಷರಿನಲ್ಲಿ 'ಸ್ವಲ್ಪ ನಡಿಗೆ ಇದೆ' ಅಂತ ತೇಲಿಸಿ ಬರೆಯೋ ಬದಲು ಪ್ರತಿ ಜಾಗದಲ್ಲೂ ಎಷ್ಟು ಮೆಟ್ಟಿಲು, ಬಾಗಿಲು ಎಷ್ಟು ಅಗಲ ಅಂತ ಹೇಳಿಬಿಡಿ, ಹೋಗೋದು ಬಿಡೋದು ಅವರೇ ತೀರ್ಮಾನಿಸಲಿ. ಮುಖ್ಯವಾಗಿ ಶೌಚಾಲಯ. ವೀಲ್‌ಚೇರ್ ತಿರುಗೋಕೆ ಒಳಗೆ 1.5 ಮೀಟರ್ ಜಾಗ ಬೇಕು. ಅದಿಲ್ಲ ಅಂದರೆ ಮಂಗಳೂರಿನ ಸೆಕೆಯಲ್ಲಿ ಮನುಷ್ಯರು ನೀರೇ ಕುಡಿಯದೆ ದಿನ ಕಳೀತಾರೆ.

"ವರ್ಷಕ್ಕೆ ಬರೋ ನಾಲ್ಕಾರು ಹಡಗಿಗೆ ಇಷ್ಟೆಲ್ಲ ಖರ್ಚಾ?" ಅಂತ ಕೇಳೋರಿದ್ದಾರೆ. ಹಡಗು ಇಲ್ಲದ ದಿನ ಆ ವ್ಯಾನಿಗೆ ಕೆಲಸ ಇಲ್ವಾ? ಡಯಾಲಿಸಿಸ್‌ಗೆ ಹೋಗೋ ಅಜ್ಜ, ಪರೀಕ್ಷಾ ಕೇಂದ್ರಕ್ಕೆ ಹೋಗೋ ಹುಡುಗಿ, ಮದುವೆಗೆ ಬರೋಲ್ಲ ಅಂತ ಮನೆಯಲ್ಲೇ ಉಳಿಯೋ ದೊಡ್ಡಮ್ಮ ನಮ್ಮೂರಲ್ಲೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇರೋದು ಇವರಿಗಾಗಿಯೇ. ಸೌಲಭ್ಯಗಳ ಬಗ್ಗೆ ಬರೀ ಸಲಹೆ ಕೊಟ್ಟರೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ನಮ್ಮ ಸುಪ್ರೀಂ ಕೋರ್ಟ್ 2024ರಲ್ಲಿ ಕೇಂದ್ರಕ್ಕೆ ಹೇಳಿದ್ದೂ ಆಗಿದೆ. ವಿದೇಶಿಯರ ನೆಪದಲ್ಲಿ ನಮ್ಮವರಿಗೆ ವ್ಯಾನ್ ಸಿಗೋದು ಸ್ವಲ್ಪ ನಾಚಿಕೆಯ ವಿಷಯವೇ. ಸಿಗಲಿ ಬಿಡಿ.

ಸಿವಿಲ್‌ನವರ ಸರ್ವೆ ಕ್ಯಾಂಪ್ ಈ ಸಲ ಬಂದರಿನಿಂದ ಚಾಪೆಲ್ ತನಕದ ದಾರಿಯಲ್ಲೇ ಆಗಲಿ. ಮೆಕ್ಯಾನಿಕಲ್‌ನವರು ವ್ಯಾನಿನ ಲಿಫ್ಟನ್ನು ಫೈನಲ್ ಇಯರ್ ಪ್ರಾಜೆಕ್ಟಿಗೆ ತಗೊಳ್ಳಲಿ. ಅಳತೆಗಳ ಪಟ್ಟಿಯನ್ನು ಡ್ರೈವರ್, ಗೈಡ್, ದೊಡ್ಡಮ್ಮ ಎಲ್ಲರೂ ಓದೋ ಹಾಗೆ ಕನ್ನಡದಲ್ಲಿ ಬರೆದುಕೊಡೋ ಕೆಲಸ ನಮ್ಮ ಸಂಘದ್ದು.