ವಾರಕ್ಕೊಂದು ಪೀರಿಯಡ್ ಕೊಡಿ

1934ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಮುಂಬೈಯಲ್ಲಿ ಒಂದು ಮೊಕದ್ದಮೆ ವಾದಿಸಿ ಸೋತರು. ಅವರ ಕಕ್ಷಿದಾರ ರಘುನಾಥ ಧೋಂಡೋ ಕರ್ವೆ. ಲೈಂಗಿಕ ವಿಷಯದಲ್ಲಿ ಓದುಗರು ಕೇಳಿದ್ದಕ್ಕೆ ಅವರ ಮರಾಠಿ ಮಾಸಿಕ ‘ಸಮಾಜಸ್ವಾಸ್ಥ್ಯ’ ಮುಚ್ಚುಮರೆಯಿಲ್ಲದೆ ಉತ್ತರಿಸಿತ್ತು. ಅದು ಅಶ್ಲೀಲವೆಂದು ದಂಡ ಬಿತ್ತು. 1921ರಲ್ಲೇ ಇಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದಿದ್ದ ಈ ಗಣಿತದ ಮೇಷ್ಟ್ರು ವಿಲ್ಸನ್ ಕಾಲೇಜಿನ ನೌಕರಿಯನ್ನೂ ಇದೇ ಹಟಕ್ಕೆ ಕಳೆದುಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್ ಮುಂದೆ 1949ರಲ್ಲಿ ಮುಂಬೈಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದರು. ಅದೇ ವರ್ಷ ಅವರ ಗಂಡ ಬೆನೆಗಲ್ ರಾಮರಾವ್ ರಿಸರ್ವ್ ಬ್ಯಾಂಕಿನ ಗವರ್ನರಾದರು. ಮೈಯ ಪಾಠ, ದುಡ್ಡಿನ ಪಾಠ ಎರಡೂ ಒಂದೇ ಮನೆಯಲ್ಲಿದ್ದವು ಅನ್ನಿ.

ನಮ್ಮ ಹೈಸ್ಕೂಲುಗಳಲ್ಲಿ ಎರಡಕ್ಕೂ ಜಾಗವಿಲ್ಲ. ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ, 2007ರಲ್ಲಿ, ಮಹಾರಾಷ್ಟ್ರ ಬೇಡವೆಂದಿತು, ಕರ್ನಾಟಕವೂ ದನಿಗೂಡಿಸಿತು. 2020ರಲ್ಲಿ ಆಯುಷ್ಮಾನ್ ಭಾರತದಡಿ ಹೊಸ ಯೋಜನೆ ಬಂತು: ಶಾಲೆಗೆ ಇಬ್ಬರು ತರಬೇತಿ ಪಡೆದ ಶಿಕ್ಷಕರು, ವಾರಕ್ಕೊಂದು ತಾಸು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹತ್ತನೆಯ ತರಗತಿಯ ಪೋರ್ಷನ್ ಮುಗಿಯದಿದ್ದರೆ ಮೊದಲು ಬಲಿಯಾಗುವುದು ಮಾರ್ಕಿಲ್ಲದ ಪೀರಿಯಡ್ಡೇ. ಕೊನೆಗೆ ಉಳಿಯುವುದು ವರ್ಷಕ್ಕೊಮ್ಮೆ ಡಾಕ್ಟರೊಬ್ಬರ ಭಾಷಣ, ಅದೂ ಹುಡುಗರನ್ನು ಮೈದಾನಕ್ಕೆ ಕಳಿಸಿ.

ಇದನ್ನೆಲ್ಲ ಕಲಿಸಿದರೆ ಮಕ್ಕಳು ಕೆಡುತ್ತಾರೆ ಎನ್ನುವವರು ಚಾಳಿನ ಒಂದೇ ಕೋಣೆಯಲ್ಲಿ ಆರು ಜನ ಮಲಗುವುದನ್ನು ನೋಡಿಲ್ಲವೆ? ಅಲ್ಲಿ ಬೆಳೆದ ಮಗುವಿಗೆ ಗೊತ್ತಿಲ್ಲದ್ದು ಕಡಿಮೆ. ಗೊತ್ತಿದ್ದದ್ದನ್ನು ಯಾರಿಗೆ, ಹೇಗೆ ಹೇಳಬೇಕೆಂಬುದನ್ನು ಮಾತ್ರ ಯಾರೂ ಕಲಿಸಿಲ್ಲ. 2024ರಲ್ಲಿ ಬದ್ಲಾಪುರದ ಶಾಲೆಯ ಲೈಂಗಿಕ ದೌರ್ಜನ್ಯ ಹೊರಬಿದ್ದದ್ದು ಪುಟ್ಟ ಮಗು ಮನೆಯಲ್ಲಿ ಬಾಯಿಬಿಟ್ಟಿದ್ದರಿಂದ. 2012ರ ಪೋಕ್ಸೊ ಕಾಯಿದೆ ಇದೆ, ಸರಿ. ದೂರಿಗೆ ಮೊದಲು ಮಾತು ಬೇಕಲ್ಲ.

ದುಡ್ಡಿನ ಪಾಠ ತುರ್ತಾಗಿ ಬೇಕಾಗಿರುವುದು ರಾತ್ರಿ ಶಾಲೆಯಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಪಾಟಿಚೀಲ ಹಿಡಿದ ತುಳುನಾಡಿನ ಹುಡುಗರಿಗಾಗಿಯೇ ನಮ್ಮ ಕನ್ನಡಿಗರ ಸಂಘಗಳು ಮುಂಬೈಯಲ್ಲಿ ರಾತ್ರಿ ಶಾಲೆ ತೆರೆದವು. ಹದಿಹರೆಯಕ್ಕೇ ಪಗಾರ ಎಣಿಸಿದ, ಅಪ್ಪ ಅಮ್ಮ ಊರಲ್ಲೇ ಉಳಿದ ಮಕ್ಕಳು ಅವರು. ಉಳಿತಾಯ ನಮಗೆ ಹೊಸದಲ್ಲ. ದಿನಕ್ಕೆರಡಾಣೆ ಪಿಗ್ಮಿ ಕಟ್ಟಿಸಿಕೊಳ್ಳುವುದನ್ನು ಉಡುಪಿಯ ಸಿಂಡಿಕೇಟ್ ಬ್ಯಾಂಕು ಶುರುಮಾಡಿದ್ದು 1928ರಲ್ಲಿ. ಬಿಲ್ಲವರು 1978ರಲ್ಲಿ ಮುಂಬೈಯಲ್ಲೇ ಭಾರತ್ ಬ್ಯಾಂಕ್ ಕಟ್ಟಿದರು. ಪಿಗ್ಮಿಗೆ ಬಾಗಿಲಿಗೆ ಬರುತ್ತಿದ್ದ ಏಜೆಂಟ್ ಗುರುತಿನವನು, ಕೇಳಬಹುದಿತ್ತು, ಜಗಳವಾಡಬಹುದಿತ್ತು. ಇಂದಿನ ಹುಡುಗನ ಮೊಬೈಲಿನಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುವ ಆಪ್ ಇದೆ. ಬಡ್ಡಿ ಎಷ್ಟಾಯಿತೆಂದು ಯಾರನ್ನು ಕೇಳಬೇಕು? ಚಕ್ರಬಡ್ಡಿಯ ಸೂತ್ರ ಗಣಿತದಲ್ಲಿ ಬಾಯಿಪಾಠವಾಗಿದೆ. ಸಾಲದ ಕರಾರನ್ನು ಓದಿಸಿದವರಿಲ್ಲ.

ಹಾಗಾಗಿ ನನ್ನ ಒತ್ತಾಯ ಸಣ್ಣದು. ಎಂಟರಿಂದ ಹತ್ತರವರೆಗೆ ವಾರಕ್ಕೊಂದು ಪೀರಿಯಡ್, ಹುಡುಗರು ಹುಡುಗಿಯರು ಒಟ್ಟಿಗೆ, ಹೊರಗಿನ ಡಾಕ್ಟರಲ್ಲ, ದಿನಾ ಮುಖ ನೋಡುವ ಮೇಷ್ಟ್ರೇ, ಮಕ್ಕಳ ಮನೆಮಾತಿನಲ್ಲೇ. ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬಿ. ಸರ್ಕಾರ ಒಪ್ಪುವವರೆಗೆ ಕಾಯಬೇಕಾಗಿಲ್ಲ. ಪ್ರತಿವರ್ಷ ಹಾಲ್ ಹಿಡಿದು, ಶಾಲು ಹೊದಿಸಿ, ವಿದ್ಯಾರ್ಥಿವೇತನ ಹಂಚುವ ನಮ್ಮ ಸಂಘಗಳು ಆ ಶಾಲಿನ ಖರ್ಚಿನಲ್ಲೇ ನಾಲ್ಕು ಕನ್ನಡ ಶಾಲೆಗಳ ಮೇಷ್ಟ್ರಿಗೆ ತರಬೇತಿ ಕೊಡಿಸಬಹುದು. ಈ ಜೂನ್‌ನಿಂದಲೇ.